ದಾರಿಯ ಹಡಗೂ ವಿಹಾರದ ಹಡಗೂ

ಕ್ರಿ. ಶ. 2025ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಅಮೆರಿಕಾ ದೇಶದ ಫಿಲಡೆಲ್ಫಿಯಾ ನಗರದ ನದೀತೀರದಲ್ಲಿ ಜನರು ಚಳಿಯನ್ನು ಲೆಕ್ಕಿಸದೆ ನೆರೆದು ಒಂದು ಹಳೆಯ ಹಡಗನ್ನು ಬೀಳ್ಕೊಟ್ಟರು. ಅದರ ಹೆಸರು 'ಯುನೈಟೆಡ್ ಸ್ಟೇಟ್ಸ್'. ಅದರ ಬಣ್ಣವೆಲ್ಲ ಹಪ್ಪಳೆಯೆದ್ದು ಉದುರಿತ್ತು. ಒಳಗಿನ ಮೇಜು ಕುರ್ಚಿಗಳು ಎಂದೋ ಹರಾಜಾಗಿ ಹೋಗಿದ್ದುವು. ಅದು ಕಟ್ಟಕಡೆಯ ಪ್ರಯಾಣಿಕನನ್ನು ದಡಕ್ಕಿಳಿಸಿ ಐವತ್ತೈದು ವರ್ಷಗಳು ಕಳೆದಿದ್ದುವು. ಸ್ವಶಕ್ತಿಯಿಂದ ಚಲಿಸಲಾರದ ಆ ನೌಕೆಯನ್ನು ಸಣ್ಣ ಟಗ್ ದೋಣಿಗಳು ಹಗ್ಗ ಕಟ್ಟಿ ದಕ್ಷಿಣಕ್ಕೆ ಎಳೆದುಕೊಂಡು ಹೋದುವು. ಫ್ಲಾರಿಡಾ ಪ್ರಾಂತದ ಒಕಲೂಸಾ ಜಿಲ್ಲೆಯವರು ಅದನ್ನು ಕೊಂಡದ್ದು ಕಡಲಿನ ತಳಕ್ಕೆ ಇಳಿಸಿ ಮೀನುಗಳಿಗೆ ನೆಲೆಯನ್ನು ಮಾಡುವುದಕ್ಕಾಗಿ. ದಡದಲ್ಲಿ ನಿಂತು ನೋಡಿದವರಲ್ಲಿ ಬಹುಮಂದಿ ಅದರಲ್ಲಿ ಒಂದು ಹೆಜ್ಜೆಯನ್ನೂ ಇಟ್ಟವರಲ್ಲ. ಆದರೂ ಅವರಿಗೆ ಹತ್ತಿರದವರೊಬ್ಬರನ್ನು ಕಳುಹಿಸಿಕೊಟ್ಟಂತೆ ಆಯಿತು.

ಅದೇ ಫ್ಲಾರಿಡಾದ ರೇವುಗಳಿಂದ ಇದಕ್ಕಿಂತ ಎಷ್ಟೋ ಪಾಲು ದೊಡ್ಡವೂ ಸುಖಕರವೂ ಆದ ವಿಹಾರನೌಕೆಗಳು ವಾರವಾರವೂ ಹೊರಡುತ್ತವೆ. ಅವುಗಳಿಗೆ ಯಾತ್ರಿಕರ ಕೊರತೆಯಿಲ್ಲ. ಹೀಗಿದ್ದರೂ ಕತೆಗಾರರೂ ಚಿತ್ರಕಾರರೂ ಸಾಮಾನ್ಯ ಜನರೂ ಮನಸೋಲುವುದು ಹಳೆಯ 'ಲೈನರು'ಗಳಿಗೇ ಹೊರತು ಈ ಹೊಸ ಹಡಗುಗಳಿಗೆ ಅಲ್ಲ. ಇದಕ್ಕೆ ಕಾರಣವೇನೆಂಬುದು ವಿಚಾರಮಾಡತಕ್ಕ ವಿಷಯ. ಹಳೆಯದೆಲ್ಲವೂ ಚೆನ್ನವೆಂಬ ಭ್ರಮೆಯೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಹಡಗುಗಳ ಚರಿತ್ರೆಯನ್ನು ನೋಡಿದರೆ ಅಷ್ಟಕ್ಕೇ ಸಮಾಧಾನವಾಗುವುದಿಲ್ಲ.

'ಲೈನು' ಎಂದರೆ ಗೊತ್ತಾದ ಒಂದು ಮಾರ್ಗ. ಗೊತ್ತಾದ ದಿನ ಒಂದು ರೇವಿನಿಂದ ಹೊರಟು, ಗಾಳಿ ಮಳೆ ಏನೇ ಇರಲಿ, ಗೊತ್ತಾದ ದಿನ ಇನ್ನೊಂದು ರೇವನ್ನು ಮುಟ್ಟುವ ಹಡಗಿಗೆ ಲೈನರೆಂದು ಹೆಸರು. ಪೂರ್ವಕಾಲದ ಹಾಯಿಹಡಗುಗಳಿಗೆ ಇಂಥ ಮಾತು ಕೊಡುವುದು ಕಷ್ಟವಾಗಿತ್ತು. ಸರಕು ತುಂಬಿದ ಮೇಲೆ ಗಾಳಿ ತಿರುಗಬೇಕು, ಆಮೇಲೆ ಪಯಣ. ಉಗಿಯಂತ್ರ ಬಂದ ತರುವಾಯ ಈ ಅನಿಶ್ಚಯವು ತಗ್ಗಿತು. ಆದರೆ ಕಲ್ಲಿದ್ದಲಿನ ಖರ್ಚನ್ನು ಯಾತ್ರಿಕರ ಬಾಡಿಗೆಯೊಂದರಿಂದಲೇ ತುಂಬುವುದು ಸಾಧ್ಯವಿರಲಿಲ್ಲ. ಲೈನರುಗಳನ್ನು ಮೊದಲು ಸಾಕಿದ್ದು ಟಪಾಲು. 1839ರಲ್ಲಿ ಸ್ಯಾಮ್ಯುಯೆಲ್ ಕ್ಯುನಾರ್ಡನು ಬ್ರಿಟಿಷ್ ಸರ್ಕಾರದಿಂದ ಅಟ್ಲಾಂಟಿಕ್ ಸಮುದ್ರದ ಟಪಾಲಿನ ಗುತ್ತಿಗೆಯನ್ನು ಪಡೆದನು. 1840ನೆಯ ಜುಲೈ 4ರಂದು ಅವನ 'ಬ್ರಿಟಾನಿಯಾ' ಎಂಬ ಮರದ ಹಡಗು ಲಿವರ್‌ಪೂಲಿನಿಂದ ಹೊರಟಿತು. ಅದರ ಉದ್ದ 207 ಅಡಿ. ಎರಡು ಪಕ್ಕಗಳಲ್ಲಿಯೂ ನೀರನ್ನು ತಳ್ಳುವ ದೊಡ್ಡ ಚಕ್ರಗಳು. ಹಿಡಿಯುತ್ತಿದ್ದ ಯಾತ್ರಿಕರು 115 ಮಂದಿ. ಹಾಲಿಗಾಗಿ ಒಂದು ಹಸುವೂ ಜೊತೆಗಿತ್ತು. ಹನ್ನೆರಡು ದಿನಗಳ ಮೇಲೆ ಕೆಲವು ಗಂಟೆಗಳಲ್ಲಿ ಅದು ಕೆನಡಾದ ಹ್ಯಾಲಿಫ್ಯಾಕ್ಸ್ ರೇವನ್ನು ಮುಟ್ಟಿತು.

ಆ ಹಡಗಿನಲ್ಲಿ ಸುಖವೆಂಬುದು ಎಷ್ಟಿತ್ತೆಂಬುದಕ್ಕೆ ಚಾರ್ಲ್ಸ್ ಡಿಕೆನ್ಸನೇ ಸಾಕ್ಷಿ. 1842ರ ಜನವರಿಯಲ್ಲಿ ಅವನು ಹೆಂಡತಿಯೊಡನೆ ಅದರಲ್ಲಿ ಅಮೆರಿಕಾಕ್ಕೆ ಹೋದನು. ಕೋಣೆಯ ಇಕ್ಕಟ್ಟನ್ನೂ ಕಡಲಿನ ಹೊಯ್ದಾಟವನ್ನೂ ತನ್ನ ಪ್ರವಾಸಗ್ರಂಥದಲ್ಲಿ ಹಾಸ್ಯಮಾಡಿ ಬರೆದನು. ಬರುವಾಗ ಉಗಿಹಡಗೇ ಬೇಡವೆಂದು ಹಾಯಿಹಡಗನ್ನು ಹತ್ತಿ ಹಿಂದಿರುಗಿದನು. ಆದಕಾರಣ, ಲೈನರುಗಳ ಆಕರ್ಷಣೆ ಅವುಗಳ ವೈಭವದಿಂದ ಹುಟ್ಟಿತೆಂಬ ಮಾತು ನಿಲ್ಲುವುದಿಲ್ಲ. ವೈಭವವು ಆಮೇಲೆ ಬಂದುದು; ಮೊದಲು ಇದ್ದುದು ಮಾತಿನ ನಿಷ್ಠೆ. 1844ರ ಫೆಬ್ರವರಿಯಲ್ಲಿ ಬಾಸ್ಟನ್ ಬಂದರು ಹೆಪ್ಪುಗಟ್ಟಿ ಇದೇ ಬ್ರಿಟಾನಿಯಾ ಹಿಮದಲ್ಲಿ ಸಿಕ್ಕಿಕೊಂಡಿತು. ಆಗ ಆ ಊರಿನ ವರ್ತಕರು ತಮ್ಮ ಸ್ವಂತ ಹಣದಿಂದ ಆಳುಗಳನ್ನು ಹಚ್ಚಿ, ಸುಮಾರು ಏಳು ಮೈಲಿ ಉದ್ದ ಹಿಮವನ್ನು ಗರಗಸದಿಂದ ಕೊಯ್ಸಿ, ಹಡಗಿಗೆ ಕಾಲುವೆ ತೆಗೆಸಿಕೊಟ್ಟರು. ಟಪಾಲು ಹೊರಟಿತು. ಒಂದು ಊರಿನವರು ಹೀಗೆ ಹಣ ಸುರಿದು ದಾರಿ ಬಿಡಿಸಬೇಕಾದರೆ ಆ ಹಡಗು ಅವರ ಬಾಳಿಗೆ ಎಷ್ಟು ಬೇಕಾಗಿದ್ದಿರಬೇಕು!

ಈ 'ಬೇಕು' ಎಂಬುದೇ ಲೈನರಿನ ಆಕಾರವನ್ನೂ ನಿರ್ಣಯಿಸಿತು. ಉತ್ತರ ಅಟ್ಲಾಂಟಿಕ್ ಚಳಿಗಾಲದಲ್ಲಿ ಅತಿ ಭಯಂಕರವಾದ ಸಮುದ್ರ. ಅದನ್ನು ಸುತ್ತುಬಳಸದೆ ಸೀಳಿಕೊಂಡು ಹೋಗಬೇಕಾದರೆ ಮೂತಿ ಚೂಪಾಗಿರಬೇಕು, ಒಡಲು ನೀಳವೂ ಕಿರಿದೂ ಆಗಿರಬೇಕು, ಅಡಿಭಾಗ ನೀರಿನಲ್ಲಿ ಆಳವಾಗಿ ಇಳಿದಿರಬೇಕು, ಉಕ್ಕಿನ ತಗಡು ದಪ್ಪವಾಗಿರಬೇಕು. ಮೇಲಿನ ಅಂತಸ್ತುಗಳು ತಗ್ಗಾಗಿ ನಡುವೆ ಕುಳಿತು, ಮುಂದೆ ಅಲೆ ಬಂದು ಬೀಳುವುದಕ್ಕೆ ಬಯಲು ಬಿಟ್ಟಿರಬೇಕು. ಶಿಲ್ಪಿಗಳು ಇವನ್ನು ಅಂದಕ್ಕೋಸ್ಕರ ಮಾಡಲಿಲ್ಲ. ರೈತನ ನೇಗಿಲಿಗೆ ನೆಲವು ಹೇಗೆ ಆಕಾರವನ್ನು ಕೊಟ್ಟಿತೋ ಹಾಗೆ ಲೈನರಿಗೆ ಕಡಲು ಆಕಾರವನ್ನು ಕೊಟ್ಟಿತು. 1907ರಲ್ಲಿ ಓಡಾಟ ತೊಡಗಿದ 'ಮಾರಿಟೇನಿಯಾ' ಇದಕ್ಕೆ ಒಳ್ಳೆಯ ನಿದರ್ಶನ. ಚಾರ್ಲ್ಸ್ ಪಾರ್ಸನ್ಸನು ಕಂಡುಹಿಡಿದ ಟರ್ಬೈನ್ ಯಂತ್ರದ ಬಲದಿಂದ ಗಂಟೆಗೆ 25 ಕಡಲ ಮೈಲಿಗಳಿಗೂ ಮಿಕ್ಕಿದ ವೇಗದಲ್ಲಿ ಓಡಿದ ಆ ಹಡಗು, 1909ರಿಂದ 1929ರವರೆಗೆ, ಎಂದರೆ ಇಪ್ಪತ್ತು ವರ್ಷಗಳ ಕಾಲ, ಅಟ್ಲಾಂಟಿಕ್ಕಿನ ವೇಗದ ಕೀರ್ತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಆದರೆ ಈ ವೇಗದ ಬೆಲೆಯನ್ನು ತೆತ್ತವರು ಯಾರು? ಚಿತ್ರಗಳಲ್ಲಿ ಕಾಣುವುದು ಮೇಲಂತಸ್ತಿನ ಊಟದ ಸಭಾಂಗಣ, ಕೆತ್ತನೆಯ ಕಂಬಗಳು, ಗಾಜಿನ ಗುಮ್ಮಟ. ಲೆಕ್ಕದ ಪುಸ್ತಕವು ಬೇರೆಯ ಕತೆಯನ್ನು ಹೇಳುತ್ತದೆ. ಮಾರಿಟೇನಿಯಾದಲ್ಲಿ ಮೊದಲನೆಯ ತರಗತಿಯವರಿಗೆ 563, ಎರಡನೆಯವರಿಗೆ 464, ಮೂರನೆಯವರಿಗೆ 1138 ಸ್ಥಳಗಳಿದ್ದುವು. ಅರ್ಧಕ್ಕಿಂತಲೂ ಹೆಚ್ಚು ಜನ ಕೆಳಗಿನವರೇ. ಐರ್ಲೆಂಡ್, ಇಟಲಿ, ಪೋಲೆಂಡ್, ರಷ್ಯಾ ಮೊದಲಾದ ನಾಡುಗಳಲ್ಲಿ ಹೊಲವಿಲ್ಲದೆ, ಅನ್ನವಿಲ್ಲದೆ, ಅಥವಾ ಮತದ್ವೇಷಕ್ಕೆ ಅಂಜಿ, ಇದ್ದುದನ್ನು ಮಾರಿ ಟಿಕೀಟು ಕೊಂಡ ಸಂಸಾರಗಳು ಅವು. ಈ ಕಡಲನ್ನು ದಾಟಿದವರಲ್ಲಿ 1892ರಿಂದ 1954ರವರೆಗೆ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ತಪಾಸಣೆಯ ಮನೆಯನ್ನು ಹಾದುಹೋದವರೇ ಸುಮಾರು 120 ಲಕ್ಷ ಮಂದಿ. ಅಲ್ಲಿಯೂ ಭೇದವಿತ್ತು: ಮೇಲಿನ ಎರಡು ತರಗತಿಯವರನ್ನು ಹಡಗಿನಲ್ಲಿಯೇ ನೋಡಿ ಬಿಟ್ಟುಬಿಡುವರು, ಮೂರನೆಯವರು ಮೂಟೆ ಹೊತ್ತು ಸಾಲಿನಲ್ಲಿ ನಿಲ್ಲಬೇಕು. ಕಣ್ಣಿನ ರೋಗವೊಂದು ಕಂಡುಬಂದರೆ ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸುವರು. 1912ರ ಏಪ್ರಿಲಿನಲ್ಲಿ 'ಟೈಟಾನಿಕ್' ಮುಳುಗಿದಾಗ ಮೊದಲನೆಯ ತರಗತಿಯವರಲ್ಲಿ ನೂರಕ್ಕೆ 60ರಷ್ಟು ಜನ ಬದುಕಿಕೊಂಡರು. ಮೂರನೆಯವರಲ್ಲಿ ನೂರಕ್ಕೆ 25ರಷ್ಟು ಮಾತ್ರ.

ಅವರಿಗಿಂತಲೂ ಕೆಳಗೆ ಇನ್ನೊಂದು ಲೋಕವಿತ್ತು. ಮಾರಿಟೇನಿಯಾ ದಿನವೊಂದಕ್ಕೆ ಸುಮಾರು 1000 ಟನ್ನು ಕಲ್ಲಿದ್ದಲನ್ನು ನುಂಗುತ್ತಿತ್ತು. ಅಷ್ಟನ್ನೂ ಸಲಿಕೆಯಿಂದ ಎತ್ತಿ ಒಲೆಗಳಿಗೆ ಎರಚುತ್ತಿದ್ದವರು ನೂರಾರು ಮಂದಿ ಕೂಲಿಗಳು. ಹಗಲಾಗಲಿ ರಾತ್ರಿಯಾಗಲಿ ಅವರಿಗೆ ಆಕಾಶ ಕಾಣುತ್ತಿರಲಿಲ್ಲ. ಹಿಂದೂಸ್ಥಾನದ ಮಾರ್ಗದಲ್ಲಿ ಓಡಿದ ಪಿ. ಅಂಡ್ ಓ. ಕಂಪೆನಿಯ ಹಡಗುಗಳಲ್ಲಿ ಈ ಕೆಲಸಕ್ಕೆ ಇದ್ದವರು ಭಾರತದ ಖಲಾಸಿಗಳೇ. ಊಟದ ಸಾಲೆಯ ಪರಿಚಾರಕರು ಹೆಚ್ಚಾಗಿ ಗೋವೆಯವರು. ಬಿಳಿಯ ನಾವಿಕನಿಗೆ ಸಲ್ಲುವುದಕ್ಕಿಂತ ಬಹಳ ಕಡಿಮೆಯಾದ ಸಂಬಳಕ್ಕೆ ಅವರು ದುಡಿದರು. ಹಡಗಿನ ಪ್ರಖ್ಯಾತಿಯಲ್ಲಿ ಅವರ ಹೆಸರು ಎಲ್ಲಿಯೂ ಸೇರಿಲ್ಲ.

ಈ ಮಾರ್ಗವು 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಬಹಳ ಹತ್ತಿರವಾಯಿತು. ಬೊಂಬಾಯಿಯಿಂದ ವಿಲಾಯತಿಗೆ ಹೋಗುವ ಟಪಾಲು ಹಡಗು ಪಶ್ಚಿಮ ಕರಾವಳಿಯ ಜನರಿಗೆ ಪರಿಚಿತವಾದ ಸಂಗತಿ. ಹೊಗೆಯುಗುಳುವ ಹಡಗಿಗೆಲ್ಲ ಅವರು 'ಆಗಬೋಟು' ಎಂದೇ ಹೇಳುತ್ತಿದ್ದರು. ಭಾರತೀಯನಿಗೆ ಆ ಏಣಿಯನ್ನು ಹತ್ತುವುದು ಸಾಮಾನ್ಯ ಕಾರ್ಯವಾಗಿರಲಿಲ್ಲ. 1888ನೆಯ ಸೆಪ್ಟೆಂಬರ್ 4ರಂದು ಬೊಂಬಾಯಿಯಿಂದ ಹೊರಟ ಹದಿನೆಂಟು ವರ್ಷದ ಮೋಹನದಾಸ ಗಾಂಧಿಯನ್ನು ಕಡಲು ದಾಟುವುದಕ್ಕಾಗಿ ಜಾತಿಯವರು ಬಹಿಷ್ಕರಿಸಿದ್ದರು. ಹಡಗಿನಲ್ಲಿ ಆತನು ಇಂಗ್ಲೀಷು ಮಾತಾಡಲು ನಾಚಿ, ಚಮಚ ಮುಳ್ಳುಗಳನ್ನು ಹಿಡಿಯಲು ಅರಿಯದೆ, ಮನೆಯಿಂದ ತಂದ ತಿಂಡಿ ಹಣ್ಣುಗಳನ್ನು ಕೋಣೆಯಲ್ಲಿಯೇ ತಿನ್ನುತ್ತಿದ್ದನೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಸುಮಾರು ಅರ್ಧ ಶತಮಾನದ ತರುವಾಯ, 1936ರಲ್ಲಿ, ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋದದ್ದೂ ಸಮುದ್ರಮಾರ್ಗವಾಗಿಯೇ. ಕನ್ನಡಕ್ಕೆ 'ಸಮುದ್ರಗೀತೆಗಳು' ದೊರೆತದ್ದು ಆ ಯಾನದ ಫಲ. ವಾರಗಟ್ಟಲೆ ಸುತ್ತಲೂ ನೀರನ್ನೇ ಕಂಡು, ಹಿಂದಿನ ನೆಲವನ್ನು ಮರೆಯಲಾರದೆ ಮುಂದಿನ ನೆಲವನ್ನು ಕಾಣದೆ ಇರುವ ಸ್ಥಿತಿಯನ್ನು ಲೈನರು ಎಲ್ಲ ತರಗತಿಯವರಿಗೂ ಸಮವಾಗಿ ಕೊಟ್ಟಿತು. ಅದೊಂದರಲ್ಲಿ ಮಾತ್ರ ಅದು ಭೇದವೆಣಿಸಲಿಲ್ಲ.

ಹಡಗಿನ ಮೇಲೆ ಯಾತ್ರಿಕರ ಭಾಗ್ಯ ಮಾತ್ರವಲ್ಲ, ಊರುಗಳ ಭಾಗ್ಯವೂ ನಿಂತಿತ್ತು. 1931ರ ಡಿಸೆಂಬರಿನಲ್ಲಿ ಲೋಕವ್ಯಾಪಿಯಾದ ಮುಗ್ಗಟ್ಟಿನಿಂದ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಕಟ್ಟುತ್ತಿದ್ದ ದೊಡ್ಡ ಹಡಗೊಂದರ ಕೆಲಸ ನಿಂತುಹೋಯಿತು. ಸಾವಿರಾರು ಕೆಲಸಗಾರರು ಬೀದಿಪಾಲಾದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಉಕ್ಕಿನ ಅಸ್ಥಿಪಂಜರವು ಮನೆಗಳ ಮೇಲೆ ತಲೆಯೆತ್ತಿಕೊಂಡು ತುಕ್ಕುಹಿಡಿಯುತ್ತ ನಿಂತಿತ್ತು. ಸರ್ಕಾರವು ಸಾಲ ಕೊಟ್ಟ ಮೇಲೆ 1934ರ ಏಪ್ರಿಲಿನಲ್ಲಿ ಸುತ್ತಿಗೆಯ ಸದ್ದು ಮತ್ತೆ ಕೇಳಿಸಿತು. ಆ ಹಡಗೇ 1936ರ ಮೇ 27ರಂದು ಮೊದಲ ಯಾನಕ್ಕೆ ಹೊರಟ 'ಕ್ವೀನ್ ಮೇರಿ'. ಅದರ ಉದ್ದ 1019 ಅಡಿ. ಎರಡನೆಯ ಮಹಾಯುದ್ಧದಲ್ಲಿ ಅದಕ್ಕೆ ಬೂದಿಯ ಬಣ್ಣವನ್ನು ಬಳಿದು ಸೈನ್ಯವನ್ನು ಸಾಗಿಸಿದರು. 1943ರ ಜುಲೈಯಲ್ಲಿ ಒಂದೇ ಯಾನದಲ್ಲಿ 16,683 ಮಂದಿ ಅದರಲ್ಲಿ ಅಟ್ಲಾಂಟಿಕ್ಕನ್ನು ದಾಟಿದರು. ಯುದ್ಧದಿಂದ ಕಲಿತ ಪಾಠದಿಂದಲೇ ಅಮೆರಿಕಾದವರು ಸರ್ಕಾರದ ಹಣವನ್ನು ಹಾಕಿ 'ಯುನೈಟೆಡ್ ಸ್ಟೇಟ್ಸ್' ನೌಕೆಯನ್ನು ಕಟ್ಟಿಸಿದ್ದು. ವಿಲಿಯಂ ಫ್ರಾನ್ಸಿಸ್ ಗಿಬ್ಸನು ಯೋಜಿಸಿದ ಆ ಹಡಗು 1952ರ ಜುಲೈಯಲ್ಲಿ ತನ್ನ ಮೊದಲ ಯಾನದಲ್ಲಿಯೇ ಅಟ್ಲಾಂಟಿಕ್ಕನ್ನು 3 ದಿನ 10 ಗಂಟೆ 40 ನಿಮಿಷಗಳಲ್ಲಿ ದಾಟಿತು. ಬ್ರಿಟಾನಿಯಾದ ಹನ್ನೆರಡು ದಿನಗಳು ನೂರ ಹನ್ನೆರಡು ವರ್ಷಗಳಲ್ಲಿ ಮೂರೂವರೆಯಾದುವು.

ಆದರೆ ಆರೇ ವರ್ಷಗಳಲ್ಲಿ ಆ ಮೂರೂವರೆ ದಿನವೂ ಹೆಚ್ಚೆನಿಸಿತು. 1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ಕಿನ ಮೇಲೆ ಹಾರಾಟವನ್ನು ಪ್ರಾರಂಭಿಸಿದುವು. ದಿನಗಳ ಮಾತು ಹೋಗಿ ಗಂಟೆಗಳ ಮಾತಾಯಿತು. ಲೈನರು ಸೋತದ್ದು ತನ್ನ ಕೆಲಸದಲ್ಲಿ ಎಡವಿ ಅಲ್ಲ. ಆ ಕೆಲಸವೇ ಬೇರೊಬ್ಬರ ಕೈಗೆ ಹೋಯಿತು. ಕ್ವೀನ್ ಮೇರಿ 1967ರಲ್ಲಿ ನಿವೃತ್ತಿಹೊಂದಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ರೇವಿನಲ್ಲಿ ವಸತಿಗೃಹವಾಗಿ ನೆಲೆಸಿತು. ಯುನೈಟೆಡ್ ಸ್ಟೇಟ್ಸ್ 1969ರಲ್ಲಿ ನಿಂತುಹೋಯಿತು.

ವಿಹಾರನೌಕೆಯು ಲೈನರಿನ ಶತ್ರುವೆಂದು ಕೆಲವರು ತಿಳಿಯುವುದುಂಟು. ಅದು ಸರಿಯಲ್ಲ, ಅದು ಲೈನರಿನ ಮನೆಯಲ್ಲಿಯೇ ಹುಟ್ಟಿದ ಕೂಸು. 1844ರಲ್ಲಿಯೇ ಪಿ. ಅಂಡ್ ಓ. ಕಂಪೆನಿಯವರು ತಮ್ಮ ಹಡಗುಗಳಲ್ಲಿ ಮೆಡಿಟರೇನಿಯನ್ ಪ್ರವಾಸಕ್ಕೆ ಹೋಗಿರೆಂದು ಜನರನ್ನು ಕರೆದರು. ಕಾದಂಬರಿಕಾರ ಥ್ಯಾಕರೆಯನ್ನು ಪುಕ್ಕಟೆಯಾಗಿ ಒಯ್ದು ಅವನಿಂದ ಒಂದು ಪ್ರವಾಸಗ್ರಂಥವನ್ನೂ ಬರೆಸಿಕೊಂಡರು. 1891ರ ಜನವರಿಯಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನನು, ಚಳಿಗಾಲದಲ್ಲಿ ಅಟ್ಲಾಂಟಿಕ್ಕಿಗೆ ಜನ ಸಿಕ್ಕದೆ ಸುಮ್ಮನೆ ನಿಲ್ಲುತ್ತಿದ್ದ 'ಆಗುಸ್ತ ವಿಕ್ಟೋರಿಯಾ' ಎಂಬ ಲೈನರನ್ನು ಬಿಸಿಲಿನ ನಾಡುಗಳ ಕಡೆಗೆ ವಿಹಾರಕ್ಕೆ ಕಳುಹಿಸಿದನು. ಬಿಡುವಿನ ಕಾಲದ ಉಪಕಸುಬಾಗಿ ತೊಡಗಿದ್ದೇ ಮುಂದೆ ಮುಖ್ಯ ಕಸುಬಾಯಿತು.

ಇಂದಿನ ವಿಹಾರನೌಕೆಯ ಗಾತ್ರವು ಆಶ್ಚರ್ಯಕರವಾದುದು. 2024ರ ಜನವರಿಯಲ್ಲಿ ಸಂಚಾರ ತೊಡಗಿದ 'ಐಕನ್ ಆಫ್ ದಿ ಸೀಸ್' ಎಂಬುದರ ಅಳತೆ ಸುಮಾರು 2,48,000 ಟನ್ನು. ಇಲ್ಲಿ ಟನ್ನೆಂದರೆ ತೂಕವಲ್ಲ, ಒಳಗಿನ ಅವಕಾಶದ ಅಳತೆ. ಟೈಟಾನಿಕ್ಕಿನದು 46,000 ಮಾತ್ರ. ಇಪ್ಪತ್ತು ಅಂತಸ್ತುಗಳು, ಗರಿಷ್ಠ 7600 ಯಾತ್ರಿಕರು, ಈಜುಕೊಳಗಳು, ನಾಟಕಶಾಲೆಗಳು ಇವೆಲ್ಲವೂ ಅದರಲ್ಲಿವೆ. ಆದರೆ ಕ್ವೀನ್ ಮೇರಿ ನೀರಿನೊಳಗೆ ಸುಮಾರು 39 ಅಡಿ ಇಳಿದಿರುತ್ತಿದ್ದರೆ ಇದು ಇಳಿಯುವುದು ಸುಮಾರು 30 ಅಡಿ. ಸಣ್ಣ ದ್ವೀಪಗಳ ಆಳವಿಲ್ಲದ ರೇವುಗಳನ್ನು ಹೊಗಬೇಕು. ಬಿರುಗಾಳಿ ಎದ್ದರೆ ಅದನ್ನು ಎದುರಿಸಬೇಕಾದ ಅಗತ್ಯವಿಲ್ಲ, ದಾರಿಯನ್ನು ಬದಲಿಸಿದರಾಯಿತು. ಅದರಿಂದ ಒಡಲು ಅಗಲವಾಯಿತು, ಮೇಲಿನ ಅಂತಸ್ತುಗಳು ಗೋಡೆಯಂತೆ ಎದ್ದುವು, ಅನೇಕ ಕೋಣೆಗಳಿಗೆ ಮೊಗಸಾಲೆ ಬಂದಿತು. ಇದೂ ಉಪಯೋಗಕ್ಕೆ ತಕ್ಕ ಆಕಾರವೇ. ಅದನ್ನು ಹೀನೈಸುವುದು ನ್ಯಾಯವಲ್ಲ. ಲೈನರಿನ ಮೇಲಂತಸ್ತಿನಲ್ಲಿ ಕೆಲವರೇ ಕಂಡ ಕಡಲನ್ನು ಇದು ಸಾಮಾನ್ಯ ನೌಕರನಿಗೂ ಅವನ ಮಕ್ಕಳಿಗೂ ತೋರಿಸಿದೆ. ಮಂಗಳೂರಿನ ಬಳಿಯ ಪಣಂಬೂರು ಬಂದರಿಗೂ ಚಳಿಗಾಲದಲ್ಲಿ ಇಂಥ ನೌಕೆಗಳು ಬರುವುದುಂಟು. ಬೆಳಗ್ಗೆ ಇಳಿದ ಯಾತ್ರಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ನೋಡಿಕೊಂಡು ಸಂಜೆಗೆ ಹಡಗನ್ನು ಸೇರುತ್ತಾರೆ. ಅವರು ಯಾರನ್ನೂ ಅಗಲಿ ಬಂದವರಲ್ಲ. ಹೊರಟ ಊರಿಗೋ ಮನೆಗೋ ಕೆಲವು ದಿನಗಳಲ್ಲಿ ಮತ್ತೆ ಸೇರತಕ್ಕವರು.

ಎರಡು ಹಡಗುಗಳ ಭೇದವಿರುವುದು ಇಲ್ಲಿ. ವಿಹಾರನೌಕೆಯಲ್ಲಿ ಹಡಗೇ ಗುರಿ. ಲೈನರಿನಲ್ಲಿ ಹಡಗು ದಾರಿ. ದಾರಿಯಾದ್ದರಿಂದಲೇ ಅದರ ಮೇಲೆ ಮನುಷ್ಯರ ಬಾಳು ತಿರುಗುತ್ತಿತ್ತು. ಅದರ ಏಣಿಯನ್ನು ಹತ್ತಿದವನು ಇಳಿಯುವಾಗ ಬೇರೆ ದೇಶದವನಾಗುತ್ತಿದ್ದನು. ದಡದಲ್ಲಿ ಕೈಬೀಸಿದ ತಾಯಿ ಮಗನನ್ನು ಮತ್ತೆ ಕಾಣದೆಯೇ ಹೋಗುವುದಿತ್ತು. ಜನರು ಹಳೆಯ ಹಡಗಿಗೆ ಮನಸೋಲುವುದು ಅದರಲ್ಲಿ ಸುಖವಿತ್ತೆಂದು ಅಲ್ಲ. ಅದರಲ್ಲಿ ಹೋಗಲೇಬೇಕಾದ ಕಾರಣವಿತ್ತೆಂದು. ಹಾಗಾದರೆ ಈ ಪ್ರೀತಿಗೆ ಒಂದು ಕರ್ತವ್ಯವೂ ಇದೆ. ಗಾಜಿನ ಗುಮ್ಮಟವನ್ನು ನೆನೆಯುವವರು ಮೂಟೆ ಹೊತ್ತವರನ್ನೂ ಸಲಿಕೆ ಹಿಡಿದವರನ್ನೂ ಮರೆತರೆ ಲೈನರನ್ನು ಪ್ರೀತಿಸಿದಂತಾಗುವುದಿಲ್ಲ. ಒಂದು ದೊಡ್ಡ ಹೋಟೆಲನ್ನು ಪ್ರೀತಿಸಿದಂತಾಗುತ್ತದೆ. ಆಗ ಅದಕ್ಕೂ ಇಂದಿನ ವಿಹಾರನೌಕೆಗೂ ಭೇದವೇ ಉಳಿಯುವುದಿಲ್ಲ.

ಈ ಚರಿತ್ರೆಯ ಒಂದು ಅಧ್ಯಾಯವು ಭಾರತದ ತೀರದಲ್ಲಿಯೇ ಮುಗಿಯಿತು. 1962ರಲ್ಲಿ ಮೊದಲ ಯಾನ ಮಾಡಿದ 'ಫ್ರಾನ್ಸ್' ಎಂಬ ಲೈನರು ಆ ದೇಶದ ಹೆಮ್ಮೆಯ ವಸ್ತುವಾಗಿತ್ತು. 1974ರಲ್ಲಿ ಎಣ್ಣೆಯ ಬೆಲೆ ಏರಿ ಸರ್ಕಾರವು ಸಹಾಯಧನವನ್ನು ನಿಲ್ಲಿಸಿದಾಗ ಅದರ ನಾವಿಕರು ಹಾವ್ರ್ ರೇವಿನ ಹೊರಗೆ ಹಡಗನ್ನು ತಡೆದು ನಿಲ್ಲಿಸಿ ಪ್ರತಿಭಟಿಸಿದರು; ಫಲವಾಗಲಿಲ್ಲ. ಮುಂದೆ ನಾರ್ವೆಯವರು ಕೊಂಡು, 'ನಾರ್ವೆ' ಎಂದು ಹೆಸರಿಟ್ಟು, 1980ರಿಂದ ವಿಹಾರಕ್ಕೆ ಬಳಸಿದರು. ವೇಗದ ಅವಶ್ಯಕತೆ ಇಲ್ಲವಾದ್ದರಿಂದ ನಾಲ್ಕು ತಿರುಗಣೆಗಳಲ್ಲಿ ಎರಡನ್ನು ತೆಗೆದುಹಾಕಿದರು. ಕೊನೆಗೆ 2006ರಲ್ಲಿ ಅದು 'ಬ್ಲೂ ಲೇಡಿ' ಎಂಬ ಹೆಸರಿನಿಂದ ಗುಜರಾತಿನ ಅಲಂಗ್ ತೀರಕ್ಕೆ ಒಡೆಯುವುದಕ್ಕಾಗಿ ಬಂದಿತು. ಅದರೊಳಗಿನ ಆಸ್ಬೆಸ್ಟಾಸ್ ಕೆಲಸಗಾರರ ಶ್ವಾಸಕೋಶಕ್ಕೆ ವಿಷವೆಂದು ವ್ಯಾಜ್ಯವು ಭಾರತದ ಸುಪ್ರೀಂ ಕೋರ್ಟಿನವರೆಗೂ ಹೋಯಿತು; 2007ರಲ್ಲಿ ಒಡೆಯಲು ಅನುಮತಿ ದೊರೆಯಿತು. ಮೂತಿಯ ತುದಿಯೊಂದನ್ನು ಮಾತ್ರ ಫ್ರಾನ್ಸಿಗೆ ಕೊಂಡುಹೋದರು; ಅದು ಹಾವ್ರ್ ರೇವಿನ ದಡದಲ್ಲಿ ಸ್ಮಾರಕವಾಗಿ ನಿಂತಿದೆ. ಅಲಂಗಿನಲ್ಲಿ ಬರಿಗೈಯಿಂದಲೆಂಬಂತೆ ಅದನ್ನು ತುಂಡುಮಾಡಿದವರಿಗೆ ಸ್ಮಾರಕವಿಲ್ಲ. ಮಾರಿಟೇನಿಯಾದ ಒಲೆಯ ಮುಂದಿನ ಕೂಲಿಗಳ ಸಾಲು ಹೀಗೆ ಇಲ್ಲಿಯವರೆಗೂ ಬಂದು ಮುಟ್ಟಿತು.

ಈಗ ಅಟ್ಲಾಂಟಿಕ್ಕಿನಲ್ಲಿ ಲೈನರಿನ ಆಕಾರವನ್ನೂ ದಪ್ಪ ತಗಡನ್ನೂ ಉಳಿಸಿಕೊಂಡು ಓಡುತ್ತಿರುವುದು, 2004ರಲ್ಲಿ ಸಂಚಾರ ತೊಡಗಿದ 'ಕ್ವೀನ್ ಮೇರಿ 2' ಒಂದೇ. ಅದೂ ವರ್ಷದ ಕೆಲವು ಕಾಲ ವಿಹಾರಕ್ಕೆ ಹೋಗುತ್ತದೆ. ಅದರಲ್ಲಿ ಹೋಗುವವರಿಗೆ ವಿಮಾನವೂ ಉಂಟು. ಕಡಲಿನ ಮೇಲೆ ಏಳು ದಿನ ಬೇಕೆಂದೇ ಅವರು ಅದನ್ನು ಹತ್ತುತ್ತಾರೆ. ಬಾಸ್ಟನ್ನಿನ ವರ್ತಕರಂತೆ ಅದಕ್ಕಾಗಿ ಹಿಮವನ್ನು ಕೊಯ್ಸಬೇಕಾದವರು ಇಂದು ಯಾರೂ ಇಲ್ಲ.